ಗೊಟ್ಟ ಎತ್ತದೆ ಜಾತ್ರೆಗೆ ಜೋಡಿ ಕಟ್ಟಿದ್ದು: ನನ್ನ ಅನುಭವ

ಗೊಟ್ಟ (ಬಾಯಿಗೆ ನೀರು, ಔಷಧಿ ಹುಯ್ಯುವ ಕೊಳವೆ) ಎತ್ತದೆ, ಕೊಂಬು ಹೆರೆಯದೆ, ನೋವು ಮರೆಸುವ ಸೂಜಿ ಹಾಕಿಸದೆ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯನ್ನು ಬಹುಮಾನದ ಸಾಲಿನಲ್ಲಿ ನಿಲ್ಲಿಸೋಕೆ ಆಗಲ್ಲ ಅಂತ ನಮ್ಮ ಕಡೆ ಹೇಳದವರಿಲ್ಲ. ಮೂರನೇ ವರ್ಷಕ್ಕೆ ಆಯಿತು. ಎರಡು ಹಲ್ಲಿನ (ಹಾಲುಹಲ್ಲು ಬಿದ್ದು ಎರಡು ಹೊಸ ಹಲ್ಲು ಬಂದ ರಾಸುಗಳ) ವಿಭಾಗದಲ್ಲಿ ಎರಡನೇ ಬಹುಮಾನ. ಹಗ್ಗ ಹಿಡಿದವರು ಪಿಯುಸಿ ಓದುವ ಇಬ್ಬರು ಹುಡುಗರು. ಮೇವು ಹಾಕಿದವನೇ ಹಗ್ಗ ಹಿಡಿಯಬೇಕು, ಜಾತ್ರೆ ದಿನ ಕೂಲಿಗೆ ಆಳು ತರಬಾರದು ಅನ್ನೋದು ನಾವು ಹಾಕಿಕೊಂಡ ಮೊದಲ ಕಟ್ಟಳೆ.

ಮೊದಲು ಕೆಟ್ಟದ್ದನ್ನೇ ಹೇಳಿಬಿಡುತ್ತೇನೆ. ಮೊದಲ ವರ್ಷ ಬೇಗ ಮೈ ತುಂಬಲಿ ಅಂತ ಹಸಿ ರಾಗಿ ಹಿಟ್ಟನ್ನು ಒಂದೇ ಸಲ ಎರಡು ಕೆಜಿಗೆ ಏರಿಸಿದ್ದು. ಹೊಟ್ಟೆಯಲ್ಲಿ ಹುಳಿಯೇರಿ ನಾಲ್ಕು ದಿನ ಮೆಲುಕು ನಿಂತಿತು, ಆಮೇಲೆ ಗೊರಸು ನೋವು. ಎರಡನೇ ವರ್ಷ ಪಕ್ಕೆಯ ಗುಳಿ ತುಂಬಿಸೋಕೆ ಬೆಲ್ಲದ ನೀರನ್ನು ಗೊಟ್ಟದಲ್ಲಿ ಹುಯ್ದೆವು. ನಾಲಿಗೆ ಎಳೆದು ತಲೆ ಮೇಲಕ್ಕೆತ್ತಿದರೆ ನೀರು ಶ್ವಾಸಕೋಶಕ್ಕೆ ಇಳಿಯೋದು ಎಷ್ಟು ಸುಲಭ ಅಂತ ಅವತ್ತು ಗೊತ್ತಾಯಿತು. ಔಷಧಿಗೇ ಒಂಬತ್ತು ಸಾವಿರದ ಹತ್ತಿರ, ಜಾತ್ರೆಯೂ ಹೋಯಿತು.

ಈ ಸಲ ಹಾಲುಹಲ್ಲಿನ ಜೋಡಿ ಸುಮಾರು 1.40 ಲಕ್ಷಕ್ಕೆ ಬಂತು. ಜಾತ್ರೆಗೆ ನಾಲ್ಕು ತಿಂಗಳು ಇರುವಾಗ ಗಟ್ಟಿ ಮೇವು ಶುರು. ಕೊನೆಗೆ ನಿಂತ ಲೆಕ್ಕ ಒಂದು ರಾಸಿಗೆ ದಿನಕ್ಕೆ: ನೆನೆಸಿ ಬೇಯಿಸಿದ ಹುರುಳಿ ಒಂದೂಕಾಲು ಕೆಜಿ, ರವೆ ಬೂಸಾ ಒಂದೂವರೆ, ಕಡಲೆಕಾಯಿ ಹಿಂಡಿ ಅರ್ಧ, ಖನಿಜ ಪುಡಿ 50 ಗ್ರಾಂ, ಉಪ್ಪು ಒಂದು ಹಿಡಿಗಿಂತ ಕಡಿಮೆ. ರಾಗಿ ಹುಲ್ಲು ತಿಂದಷ್ಟು. ವಾರಕ್ಕೆ ಕಾಲು ಕೆಜಿಗಿಂತ ಹೆಚ್ಚು ಏರಿಸಲಿಲ್ಲ. ಸಗಣಿ ತೆಳ್ಳಗಾದರೆ, ಹುಳಿ ವಾಸನೆ ಬಂದರೆ ಅವತ್ತೇ ಅರ್ಧಕ್ಕೆ ಇಳಿಸೋದು. ಜೋಡಿಗೆ ದಿನಕ್ಕೆ ನಾನೂರೈವತ್ತು ರೂಪಾಯಿ, ಒಟ್ಟು ಐವತ್ತು ಸಾವಿರದ ಮೇಲೆ ಚಿಲ್ಲರೆ.

ನಡುವೆ ಒಂದು ಪ್ರಯೋಗವೂ ಆಯಿತು. ಎಡಗಡೆಯದಕ್ಕೆ ದಿನಕ್ಕೆ ಆರು ಮೊಟ್ಟೆ, ಬಲಗಡೆಯದಕ್ಕೆ ಬೇಯಿಸಿದ ಅಗಸೆ ನೂರು ಗ್ರಾಂ. ಆರು ವಾರಕ್ಕೆ ಕೂದಲಿನ ಹೊಳಪು ಅಗಸೆಯದ್ದಕ್ಕೇ ಹೆಚ್ಚು. ಮೊಟ್ಟೆ ದುಡ್ಡು ದಂಡ.

ಕೊಂಬಿನೊಳಗೆ ಜೀವ ಇರೋ ಮೂಳೆ ಇದೆ, ರಕ್ತ ಓಡುತ್ತೆ. ಗಾಜಿನ ಚೂರಲ್ಲಿ ಹೆರೆದು ತೆಳ್ಳಗೆ ಮಾಡಿದರೆ ಸೀಳು ಬಿಟ್ಟು ಕೀವಾಗುತ್ತೆ. ಹೆರೆದೂ ಹೆರೆದೂ ಕೊಂಬಿನ ಕ್ಯಾನ್ಸರಿಗೆ ದಾರಿಯಾಗುತ್ತೆ ಅಂತಲೂ ಪಶುವೈದ್ಯರು ಹೇಳುತ್ತಾರೆ. ನಾವು ತೆಂಗಿನ ನಾರು, ಬೂದಿ ಹಾಕಿ ಉಜ್ಜಿ ಹರಳೆಣ್ಣೆ ಸವರಿದ್ದಷ್ಟೇ.

ಅಲುಗಾಡೋ ಹಾಲುಹಲ್ಲನ್ನು ಕಿತ್ತು ವಯಸ್ಸು ಏರಿಸೋ ಚಾಳಿ ಇದೆ. ವಸಡು ಕೆಂಪಗಿದ್ದರೆ ತೀರ್ಪುಗಾರರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಅದಕ್ಕಿಂತ ಬಾಯಿ ತೆರೆಸೋದನ್ನು ರೂಢಿ ಮಾಡಿ. ಮುಂಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಹೆಬ್ಬೆರಳು ಇಟ್ಟು ದಿನಕ್ಕೊಂದು ಸಲ. ತಲೆ ಒದರುವ ರಾಸಿನ ಹಲ್ಲು ನೋಡೋಕೆ ಆಗದಿದ್ದರೆ ಅನುಮಾನ ನಮ್ಮ ಮೇಲೇ. ನಿಲ್ಲೋ ಅಭ್ಯಾಸಕ್ಕೆ ಮೊಬೈಲಲ್ಲಿ ತಮಟೆ ಹಾಕಿ, ಪಕ್ಕದಲ್ಲಿ ಟಾರ್ಪಾಲು ಒದರಿಸಿದೆವು. ಮೊಳೆ ಹೊಡೆದ ಬಾರುಕೋಲು ಹುಡುಗರ ಕೈಗೆ ಕೊಡಲೇ ಇಲ್ಲ. ಉಳುವ, ಭಾರ ಎಳೆಯುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮದಲ್ಲೇ ಅದಕ್ಕೆ ನಿಷೇಧ ಇದೆ.

ಅಮೆರಿಕದ ಹಲವು ಜಾತ್ರೆಗಳಲ್ಲಿ 4-ಎಚ್ ಅನ್ನೋ ಯುವಜನ ಸಂಘದ ಮಕ್ಕಳು ಮಾಂಸದ ಹೋರಿ ತೋರಿಸುವಾಗ ಕೊಟ್ಟ ಔಷಧವನ್ನೆಲ್ಲ ಬರೆದಿಡಬೇಕು, ಕೊನೆಗೆ ಅದು ಊಟದ ತಟ್ಟೆಗೆ ಹೋಗುತ್ತಲ್ಲ. ನಮ್ಮದು ಉಳುಮೆಯ ರಾಸಾದರೂ ಆ ಪುಸ್ತಕದ ಪದ್ಧತಿ ಎತ್ತಿಕೊಂಡೆವು: ತಾರೀಕು, ಔಷಧಿ, ಪ್ರಮಾಣ, ಕೊಟ್ಟವರು ಯಾರು. ಕುಂಟು ಮುಚ್ಚೋಕೆ ಸೂಜಿ ಹಾಕಿಸಿದರೆ ಒಂದೆರಡು ದಿನ ಮರೆಯಾಗಿ, ಕೊಂಡವನ ಹಟ್ಟಿಯಲ್ಲಿ ಮತ್ತೆ ಕುಂಟುತ್ತೆ. ಆ ನೋವಿನ ಔಷಧಿಗಳಲ್ಲಿ ಡೈಕ್ಲೋಫಿನಾಕ್ ದನಗಳಿಗೆ 2006ರಿಂದಲೇ ನಿಷೇಧ, ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್ 2023ರಲ್ಲಿ ನಿಷೇಧವಾದವು. ಇವು ಮೈಯಲ್ಲಿರುವ ಸತ್ತ ದನ ತಿಂದ ರಣಹದ್ದು ಸಾಯುತ್ತೆ, ರಾಮನಗರದ ರಾಮದೇವರ ಬೆಟ್ಟದ ರಣಹದ್ದು ನೋಡಿದವರಿಗೆ ಅದನ್ನು ಹೇಳಬೇಕಿಲ್ಲ.

ಗೊಟ್ಟದ ಬದಲು ಮಾಡಿದ್ದು ಇಷ್ಟು: ಜಾತ್ರೆಯ ನೀರಿನ ರುಚಿ ಬೇರೆ ಅಂತ ರಾಸು ಮೂತಿ ತಿರುಗಿಸುತ್ತೆ, ಪಕ್ಕೆ ಒಳಗೆ ಹೋಗುತ್ತೆ. ಹತ್ತು ದಿನ ಮೊದಲೇ ಮನೆಯ ಬಾನಿಗೆ ಒಂದು ಹಿಡಿ ಬೂಸಾ, ಚೂರು ಬೆಲ್ಲ ಕದಡಿ ರೂಢಿ ಮಾಡಿ, ಅಲ್ಲೂ ಅದನ್ನೇ ಕದಡಿದೆವು. ಎರಡು ದಿನ ಮುಂಚೆ ಹೋಗಿ ನೆಲ ಹಿಡಿದಿದ್ದೂ ಕೆಲಸಕ್ಕೆ ಬಂತು. ಲಾರಿಗೆ ಆರಕ್ಕಿಂತ ಹೆಚ್ಚು ರಾಸು ತುಂಬೋ ಹಾಗಿಲ್ಲ. ತಳಕ್ಕೆ ಮರಳು, ಜೊತೆಗೆ ಪಶುವೈದ್ಯರ ಪತ್ರ. ಕಾಲುಬಾಯಿ ಲಸಿಕೆ ಮೂರು ವಾರ ಮೊದಲೇ ಮುಗಿದಿರಲಿ. 2022ರಲ್ಲಿ ಚರ್ಮಗಂಟು ರೋಗಕ್ಕೆ ಜಾತ್ರೆಗಳೇ ನಿಂತಿದ್ದು ಮರೆಯೋ ಹಾಗಿಲ್ಲ.

ವ್ಯಾಪಾರಕ್ಕೆ ಕೂತಾಗ ಹುಡುಗರೇ ಪುಸ್ತಕ ತೆಗೆದು, ಬಲಗಡೆಯದು ಹಿಂದಿನಿಂದ ಬಂದರೆ ಒದೆಯುತ್ತೆ ಅಂತಲೂ ಹೇಳಿದರು. ದಳ್ಳಾಳಿ ತಲೆ ಚಚ್ಚಿಕೊಂಡ. ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳಿದ ಕೊಳ್ಳುವವರು 2.60ರಿಂದ ಶುರು ಮಾಡಿ 2.90 ಲಕ್ಷಕ್ಕೆ ನಿಲ್ಲಿಸಿದರು. ಮುಂಗಡ ಕೊಟ್ಟಮೇಲೆ ಪುಸ್ತಕವನ್ನೂ ಕೇಳಿ ತೆಗೆದುಕೊಂಡು ಹೋದರು, ಈಗ ನಮ್ಮ ಹತ್ತಿರ ಇರೋದು ಅದರ ಫೋಟೋ ಮಾತ್ರ.