ಜೆನೆವೀವ್ ನ್ನಾಜಿ ಬಗ್ಗೆ ನಾಲ್ಕು ಪುಟ ಬರೆಯೋಕೆ ನಾನು ಪಟ್ಟ ಪಾಡು

ಮೈಸೂರಲ್ಲಿ ನಮ್ಮದೊಂದು ಸಣ್ಣ ಸಿನಿಮಾ ಗುಂಪಿದೆ, ಮೂವತ್ತು ಚಿಲ್ಲರೆ ಜನ, ತಿಂಗಳಿಗೊಂದು ಸಿನಿಮಾನ ಎಲ್ರೂ ಅವರವರ ಮನೇಲಿ ನೋಡ್ಕೊಂಡು ಬಂದು ಭಾನುವಾರ ಸಾಯಂಕಾಲ ಒಂದ್ಕಡೆ ಕೂತು ಮಾತಾಡೋದು, ಮೊದಲು ಚೆನ್ನಾಗಿ ಮಾತಾಡ್ತೀವಿ ಆಮೇಲೆ ಕಾಫಿ ಬಂದ್ಮೇಲೆ ಜಗಳ ಆಡ್ತೀವಿ. ಬರೋರಿಗೆ ಕೊಡೋಕೆ ಅಂತ ಒಂದು ಪುಸ್ತಿಕೆ ಮಾಡ್ತೀವಿ. ಹೋದ ವರ್ಷ ನೈಜೀರಿಯಾದ ‘ಲಯನ್‌ಹಾರ್ಟ್’ ತಗೊಂಡಿದ್ವಿ, ಅದರ ನಿರ್ದೇಶಕಿ, ನಾಯಕಿ ಎರಡೂ ಆಗಿರೋ ಜೆನೆವೀವ್ ನ್ನಾಜಿ ಬಗ್ಗೆ ನಾಲ್ಕು ಪುಟ ಬರಿ ಅಂತ ನಮ್ಮ ಪುಸ್ತಿಕೆ ನೋಡ್ಕೊಳ್ಳೋ ಮೇಷ್ಟ್ರು ನನ್ನ ತಲೆಗೆ ಕಟ್ಟಿದ್ರು. ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು, ಬೇಡ ಅನ್ನೋಕಾಗಲ್ಲ. ಎರಡು ರಾತ್ರಿ ಕೆಲಸ ಅಂದ್ಕೊಂಡೆ. ಮೂರು ವಾರ ಹಿಡೀತು. ಯಾಕೆ ಹಿಡೀತು ಅಂತ ಬರೀತಿದೀನಿ, ಬೇರೆ ದೇಶದೋರ ಬಗ್ಗೆ ಕನ್ನಡದಲ್ಲಿ ಬರೆಯೋರು ಯಾರಾದ್ರೂ ಇದ್ರೆ ಉಪಯೋಗಕ್ಕೆ ಬರಬಹುದು.

ಮೊದಲ ದಿನ ಮಾಡಿದ ತಪ್ಪು ಹೇಳ್ತೀನಿ. ಇಂಗ್ಲಿಷಲ್ಲಿ ಸಿಕ್ಕಿದ ಒಂದು ಪರಿಚಯಾನ ಅನುವಾದದ ಆ್ಯಪ್‌ಗೆ ಹಾಕಿ, ಬಂದಿದ್ದನ್ನ ತಿದ್ದಿದ್ರೆ ಆಯ್ತು ಅಂತ ಕೂತೆ. ಸೋಪಿನ ಜಾಹೀರಾತಲ್ಲಿ ಮಾಡೆಲ್ ಆಗಿದ್ಲು ಅನ್ನೋದು ‘ಲಕ್ಸ್‌ನ ಮುಖವಾಗಿದ್ದಳು’ ಅಂತ ಬಂತು, ಹೋಮ್ ವಿಡಿಯೋ, ಅಂದ್ರೆ ಥಿಯೇಟರಿಗಲ್ಲದೆ ಕ್ಯಾಸೆಟ್ಟಲ್ಲೇ ಮಾರೋ ಸಿನಿಮಾ, ಹೋಗಿ ‘ಮನೆ ವಿಡಿಯೋ’ ಆಯ್ತು, ಅದನ್ನ ಓದಿದ್ರೆ ಯಾರದೋ ಮದುವೆ ಕ್ಯಾಸೆಟ್ ಅನ್ಸುತ್ತೆ. ಡಿಲೀಟ್ ಮಾಡಿ ಖಾಲಿ ಹಾಳೆ ತಗೊಂಡೆ.

ಆಮೇಲೆ ಹೆಸರು. ನಮ್ಮಲ್ಲಿ ಯಾವ ಪದ ತಾನೇ ಒತ್ತಕ್ಷರದ ‘ನ್ನ’ದಿಂದ ಶುರುವಾಗುತ್ತೆ? ಅವಳ ಮನೆಮಾತು ಇಗ್ಬೋ, ಆ ಭಾಷೇಲಿ ಮೊದಲನೇ ‘ನ್’ ಒಂದೇ ಒಂದು ಪೂರ್ತಿ ಉಚ್ಚಾರ ತಗೊಳ್ಳುತ್ತೆ, ಮೂಗಲ್ಲಿ ಒಂಚೂರು ಎಳೆದು ಆಮೇಲೆ ‘ನಾಜಿ’. ‘ಎನ್ನಾಜಿ’ ಅಂತ ಬರೆದ್ರೆ ಯಾರೋ ವಚನ ಶುರು ಮಾಡಿದ ಹಾಗಿರುತ್ತೆ, ಬರೀ ‘ನಾಜಿ’ ಅಂದ್ರೆ ಹಿಟ್ಲರ್ ಕಡೆಯೋರಾಗಿಬಿಡ್ತಾರೆ. ನೈಜೀರಿಯಾದ ಟೀವಿ ನಿರೂಪಕರು ಅವಳನ್ನ ವೇದಿಕೆಗೆ ಕರೆಯೋ ವಿಡಿಯೋಗಳನ್ನ ಹುಡುಕಿ ಹುಡುಕಿ ಕೇಳಿಸ್ಕೊಂಡು ಕೊನೆಗೆ ‘ನ್ನಾಜಿ’ ಅಂತ ಗಟ್ಟಿ ಮಾಡ್ದೆ. ಅವಳ ಊರ ಕಡೆ ಹೆಸರು ಮ್ಬಾಯಿಸೆ, ಇಮೋ ರಾಜ್ಯದಲ್ಲಿದೆ, ಅದೂ ಹೀಗೇ ಬಾಯಿಗೆ ಸಿಗದ ಅಕ್ಷರ. ಆದ್ರೆ ಅರ್ಥ ನೋಡಿದ್ರೆ ‘ಮ್ಬಾ’ ಅಂದ್ರೆ ಊರು, ‘ಇಸೆ’ ಅಂದ್ರೆ ಐದು. ಐದೂರು! ಇದು ಗೊತ್ತಾದ ದಿನ ಒಂದು ಸಾಲೂ ಬರೀಲಿಲ್ಲ, ಸುಮ್ನೆ ಖುಷೀಲಿ ಮಲಗಿದೆ.

ಜೀವನದ ವಿವರ ಸಲೀಸಾಗೇ ಸಿಕ್ತು. 1979ರ ಮೇ 3ಕ್ಕೆ ಹುಟ್ಟಿದ್ದು, ಎಂಟು ಮಕ್ಕಳಲ್ಲಿ ನಾಲ್ಕನೆಯೋಳು, ಬೆಳೆದಿದ್ದು ಲಾಗೋಸಲ್ಲಿ, ಅಪ್ಪ ಇಂಜಿನಿಯರ್, ಅಮ್ಮ ನರ್ಸರಿ ಟೀಚರ್. ಎಂಟನೇ ವಯಸ್ಸಿಗೇ ಟೀವಿ ಸೀರಿಯಲ್ಲು, 1998ರಲ್ಲಿ ಹತ್ತೊಂಬತ್ತಕ್ಕೆ ಸಿನಿಮಾ. ಮನೆ ವಿಚಾರ, ಮದುವೆ ಗಿದುವೆ ಗಾಸಿಪ್ಪು ಬೇಕಾದಷ್ಟಿತ್ತು, ಒಂದು ಸಾಲೂ ತಗೊಳ್ಳಲಿಲ್ಲ, ಮೇಷ್ಟ್ರು ‘ಸ್ವಲ್ಪ ಹಾಕಮ್ಮ, ಜನ ಓದ್ತಾರೆ’ ಅಂದ್ರು, ಬೇಡ ಸರ್ ಅಂದೆ.

ನಾನು ನಿಜವಾಗ್ಲೂ ಸಿಕ್ಕಾಕ್ಕೊಂಡಿದ್ದು ‘ಮಾರ್ಕೆಟರ್’ ಅನ್ನೋ ಪದದ ಹತ್ರ. ನೈಜೀರಿಯಾದೋರು ಬರೆದಿದ್ದರಲ್ಲೆಲ್ಲ ಮಾರ್ಕೆಟರ್ ಹೀಗೆ ಮಾಡಿದ, ಮಾರ್ಕೆಟರ್ ದುಡ್ಡು ಕೊಟ್ಟ ಅಂತ ಇರುತ್ತೆ. ನಾನು ಗಾಂಧಿನಗರದ ಲೆಕ್ಕದಲ್ಲಿ ‘ಹಂಚಿಕೆದಾರ’ ಅಂತ ಹಾಕ್ಕೊಂಡು ಹೋಗ್ತಿದ್ದೆ, ಎರಡು ಪುಟ ಆದ್ಮೇಲೆ ಯಾಕೋ ತಾಳೆ ಆಗ್ತಿಲ್ಲ ಅನ್ನಿಸ್ತು. ನಮ್ಮ ಹಂಚಿಕೆದಾರ ಸಿನಿಮಾನ ಥಿಯೇಟರಿಗೆ ಕೊಡೋನು. ಅಲ್ಲಿ ಆಗ ಹೆಚ್ಚುಕಮ್ಮಿ ಥಿಯೇಟರೇ ಇರಲಿಲ್ವಲ್ಲ! ಎಂಬತ್ತರ ದಶಕದಲ್ಲಿ ಆರ್ಥಿಕತೆ ಕುಸಿದು, ರಾತ್ರಿ ಹೊತ್ತು ಹೊರಗೆ ಹೋಗೋಕೆ ಜನ ಹೆದರಿ, ಟಾಕೀಸುಗಳು ಒಂದೊಂದಾಗಿ ಮುಚ್ಚಿಹೋಗಿದ್ವು. ಆಗ ಸಿನಿಮಾ ಉಳಿಸಿದ್ದು ಲಾಗೋಸಿನ ಇಡುಮೊಟಾ, ಒನಿತ್ಷಾದ ಇವೇಕಾ ರೋಡ್ ತರದ ಮಾರ್ಕೆಟ್‌ಗಳಲ್ಲಿ ಕ್ಯಾಸೆಟ್ಟು, ಎಲೆಕ್ಟ್ರಾನಿಕ್ ಸಾಮಾನು ಮಾರ್ತಿದ್ದ ಅಂಗಡಿಯೋರು. 1992ರಲ್ಲಿ ಅಂಥೋನೇ ಒಬ್ಬ, ಕೆನೆತ್ ನ್ನೆಬುವೆ ಅಂತ (ನೋಡಿ, ಇವನಿಗೂ ಡಬಲ್ ನ), ದುಡ್ಡು ಹಾಕಿ ತೆಗೆಸಿದ ವಿಡಿಯೋ ಸಿನಿಮಾ ಎಗ್ಗಿಲ್ಲದೆ ಓಡ್ತು, ನಾಲಿವುಡ್, ಅಂದ್ರೆ ನೈಜೀರಿಯಾದ ಸಿನಿಮಾ ಉದ್ಯಮದ ಅಬ್ಬರ ಶುರುವಾಗಿದ್ದೇ ಅಲ್ಲಿಂದ ಅಂತಾರೆ. ಅಂದ್ರೆ ಕಥೆ ಆರಿಸೋನು, ದುಡ್ಡು ಹಾಕೋನು, ಕ್ಯಾಸೆಟ್ ಕಾಪಿ ಮಾಡಿ ಮಾರೋನು, ಯಾವ ನಟಿ ಬೇಕು ಬೇಡ ಅನ್ನೋನು ಎಲ್ಲಾ ಒಬ್ಬನೇ, ಅಂಗಡಿ ಸಾಹುಕಾರ. ನಾನು ಎಲ್ಲಾ ಕಡೆ ಹಂಚಿಕೆದಾರನ್ನ ತೆಗೆದು ‘ಕ್ಯಾಸೆಟ್ ಸಾಹುಕಾರ’ ಅಂತ ಹಾಕ್ದೆ, ಆಮೇಲೆ ಇಡೀ ಬರಹ ತಾನೇ ದಾರಿಗೆ ಬಂತು.

ಯಾಕೆ ಅಂದ್ರೆ 2004ರಲ್ಲಿ ಈ ಸಾಹುಕಾರರೇ ಸೇರ್ಕೊಂಡು, ಇವರು ಸಂಭಾವನೆ ಜಾಸ್ತಿ ಕೇಳ್ತಾರೆ ಅಂತ ಕೆಲವು ದೊಡ್ಡ ನಟನಟಿಯರಿಗೆ ಕೆಲಸ ಕೊಡಬಾರದು ಅಂತ ನಿಷೇಧ ಹಾಕಿದ್ರು, ಆ ಪಟ್ಟೀಲಿ ಇವಳೂ ಇದ್ದಳು. ಮೊದಲನೇ ಕರಡಲ್ಲಿ ಇದನ್ನ ಒಂದು ಸಾಲಲ್ಲಿ ಮುಗಿಸಿದ್ದೆ, ‘ಕೆಲಕಾಲ ನಿಷೇಧಕ್ಕೊಳಗಾದರು’ ಅಂತ, ಏನೋ ಕ್ರಿಕೆಟ್ ಆಟಗಾರರ ತರ. ಯಾರು ಹಾಕಿದ್ರು, ಅವರ ಕೈಲಿ ಏನೇನಿತ್ತು ಅಂತ ಗೊತ್ತಾದ್ಮೇಲೆ ಅದಕ್ಕೆ ಮುಕ್ಕಾಲು ಪುಟ ಕೊಟ್ಟೆ. ನಿಷೇಧ ಬಂದ ಆ ವರ್ಷಾನೇ ಅವಳು ಘಾನಾದ ಕಂಪನಿ ಒಂದರ ಜೊತೆ ಹಾಡಿನ ಆಲ್ಬಂ ಮಾಡಿದ್ದು. ಮುಂದಿನ ವರ್ಷ, 2005ರಲ್ಲಿ, ಆಫ್ರಿಕಾ ಮೂವಿ ಅಕಾಡೆಮಿ ಪ್ರಶಸ್ತಿ ಮೊದಲನೇ ಸಲ ಕೊಟ್ಟಾಗ ಉತ್ತಮ ನಟಿ ಇವಳೇ. ಸಾಹುಕಾರರು ಬೇಡ ಅಂದಿದ್ದೋಳು! ಆಮೇಲೆ 2008ರಲ್ಲಿ ಬಟ್ಟೆ ಬ್ರ್ಯಾಂಡ್ ಶುರು ಮಾಡಿದ್ಲು, 2011ರಲ್ಲಿ ಸರ್ಕಾರದಿಂದ ರಾಷ್ಟ್ರೀಯ ಗೌರವ, 2015ರಲ್ಲಿ ತಾನೇ ನಿರ್ಮಾಪಕಿಯಾಗಿ ಒಂದು ಸಿನಿಮಾ, 2018ರಲ್ಲಿ ‘ಲಯನ್‌ಹಾರ್ಟ್’. ನನಗನ್ನಿಸೋದು, ಇವಳು ನಿರ್ಮಾಪಕಿ ಆಗಿದ್ದಕ್ಕೆ ಬೇರು ಆ ನಿಷೇಧದಲ್ಲಿದೆ ಅಂತ, ಆದ್ರೆ ಅವಳ ಬಾಯಿಂದ ಬಂದ ಮಾತಲ್ಲ, ಹಾಗಾಗಿ ಲೇಖನದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ನಾದೆ.

ಹಳೇ ಸಿನಿಮಾಗಳನ್ನೂ ನೋಡ್ದೆ, ನೋಡದೆ ಬರೆಯೋದು ಕಳ್ಳಕೆಲಸ ಅಲ್ವಾ. ಯೂಟ್ಯೂಬಲ್ಲಿ ಇದಾವೆ, ಚಿತ್ರ ಮಸಕು, ಮಧ್ಯೆ ಮಧ್ಯೆ ಜನರೇಟರ್ ಗುರ್ರ್ ಅನ್ನೋದು ಕೇಳುತ್ತೆ. ಕಥೆ ಬಿಸಿ ಏರೋ ಹೊತ್ತಿಗೆ ‘ಪಾರ್ಟ್ ಒನ್’ ಮುಗಿದುಹೋಗುತ್ತೆ, ಪಾರ್ಟ್ ಟೂಗೆ ಬೇರೆ ಕ್ಯಾಸೆಟ್ ಕೊಳ್ಳಲಿ ಅಂತ ಸಾಹುಕಾರನ ಬುದ್ಧಿ. ನಮ್ಮತ್ತೆ ಪಕ್ಕದಲ್ಲಿ ಕೂತು ಎರಡು ಪಾರ್ಟೂ ನೋಡಿದ್ರು, ಒಂದಕ್ಷರ ಇಂಗ್ಲಿಷ್ ಬರಲ್ಲ, ‘ಆ ಹೆಂಗಸು ಅತ್ತೆ ತಾನೇ, ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡು’ ಅಂದ್ರು. ಕರೆಕ್ಟಾಗಿತ್ತು.

ಈಗ ಆಸ್ಕರ್ ವಿಷಯ. ನಾಲ್ಕು ಪುಟದಲ್ಲಿ ಒಂದೂವರೆ ಪುಟ ಇದೇ ಆಯ್ತು. ಮೇಷ್ಟ್ರು ಫೋನ್ ಮಾಡಿ ‘ಏನಮ್ಮ, ಆಸ್ಕರ್‌ಗೆ ನಾಮಿನೇಟ್ ಆದ ಸಿನಿಮಾ ಅಂತ ಹೆಡ್ಡಿಂಗಲ್ಲೇ ಹಾಕಿಬಿಡು’ ಅಂದ್ರು. ಆಗಿಲ್ಲ ಸರ್, ನೈಜೀರಿಯಾ ಕಳಿಸಿತ್ತು ಅಷ್ಟೇ ಅಂದೆ. ದೇಶ ಒಂದು ಸಿನಿಮಾ ಆರಿಸಿ ಕಳಿಸೋದು ಬೇರೆ, ಆಸ್ಕರ್ ಕೊಡೋ ಅಕಾಡೆಮಿ ಅದರಲ್ಲಿ ಐದನ್ನ ಆರಿಸೋದು ಬೇರೆ, ನಮ್ಮ ಪೇಪರ್‌ಗಳಲ್ಲೂ ಪ್ರತಿ ವರ್ಷ ಇದು ಗೊಂದಲ ಆಗುತ್ತೆ. ಬೇರೆ ದೇಶಗಳ, ಬಹುಪಾಲು ಇಂಗ್ಲಿಷ್ ಅಲ್ಲದ ಸಿನಿಮಾಗಳಿಗೆ ಅಂತ ಒಂದು ವಿಭಾಗ ಇದೆ, ನೈಜೀರಿಯಾ ಆ ವಿಭಾಗಕ್ಕೆ ಕಳಿಸಿದ ಮೊದಲನೇ ಸಿನಿಮಾನೇ ಇದು. 2019ರ ನವೆಂಬರಲ್ಲಿ ಅಕಾಡೆಮಿ ಇದನ್ನ ಸ್ಪರ್ಧೆಯಿಂದಲೇ ತೆಗೆದುಹಾಕ್ತು. ಕಾರಣ ಏನಪ್ಪಾ ಅಂದ್ರೆ ಸಂಭಾಷಣೆ ಬಹುಪಾಲು ಇಂಗ್ಲಿಷಲ್ಲಿದೆ, 95 ನಿಮಿಷದಲ್ಲಿ ಇಗ್ಬೋ ಇರೋದು ಸುಮಾರು 11 ನಿಮಿಷ ಅಂತ. ತಮಾಷೆ ನೋಡಿ, ಅದೇ ವರ್ಷ ಆ ವಿಭಾಗದ ಹೆಸರನ್ನ ‘ವಿದೇಶಿ ಭಾಷೆ’ಯಿಂದ ‘ಅಂತರರಾಷ್ಟ್ರೀಯ’ ಅಂತ ಬದಲಾಯಿಸಿದ್ರು, ನಿಯಮ ಮಾತ್ರ ಹಳೇದೇ.

ಈ ಹನ್ನೊಂದು ನಿಮಿಷ ನನ್ನ ತಲೇಲಿ ಕೂತುಬಿಡ್ತು. ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ಇನ್ನೊಂದ್ಸಲ ಸಿನಿಮಾ ನೋಡ್ದೆ, ಇಗ್ಬೋ ಬಂದಾಗ ಒತ್ತೋದು, ನಿಂತಾಗ ಒತ್ತೋದು. ನೈಜೀರಿಯಾದ ಎನುಗು ಊರಲ್ಲಿ ಬಸ್ ಕಂಪನಿ ನಡೆಸೋ ಮನೆತನದ ಕಥೆ, ಅಪ್ಪನಿಗೆ ಹುಷಾರು ತಪ್ಪುತ್ತೆ, ಮಗಳು ಅಡಾಎಜೆಗೆ ಸೀಟು ಸಿಗಬೇಕಿತ್ತು, ಚಿಕ್ಕಪ್ಪನಿಗೆ ಸಿಗುತ್ತೆ. ಅಪ್ಪನ ಪಾತ್ರ ಪೀಟ್ ಎಡೊಚಿ, 1987ರಲ್ಲಿ ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಟೀವಿ ಧಾರಾವಾಹೀಲಿ ನಾಯಕ ಒಕೊಂಕ್ವೊ ಪಾತ್ರ ಮಾಡಿದೋರು. ಚಿಕ್ಕಪ್ಪನ ಪಾತ್ರ ಮಾಡಿರೋ ನ್ಕೆಮ್ ಓವೊ ಬಂದ್ರೆ ಸಾಕು ನನ್ನ ಸ್ಟಾಪ್‌ವಾಚ್ ಕೆಟ್ಟುಹೋಗ್ತಿತ್ತು. ಇಗ್ಬೋದಲ್ಲಿ ಮಾತು ಎತ್ತಿ ಇಂಗ್ಲಿಷಿಗೆ ಜಾರಿ ಮತ್ತೆ ಇಗ್ಬೋಗೆ ಬಂದ್ರೆ ಎಲ್ಲಿ ಒತ್ತೋದು ಎಲ್ಲಿ ಬಿಡೋದು? ಮಧ್ಯೆ ಹೌಸಾ ಅಂತ ಅಲ್ಲಿನ ಇನ್ನೊಂದು ಭಾಷೆ ಬೇರೆ. ಮೊದಲ ಸಲ ಒಂದು ಲೆಕ್ಕ ಬಂತು, ಎರಡನೇ ಸಲ ಇನ್ನೊಂದು. ಮೂರನೇ ಸಲ ಬಿಟ್ಟುಬಿಟ್ಟೆ. ‘ಸ್ವಲ್ಪ ಲೇಟಾಗುತ್ತೆ, ನೀವು ಸ್ಟಾರ್ಟ್ ಮಾಡ್ಬಿಡಿ’ ಅಂತ ನಾನು ಗುಂಪಿನೋರಿಗೆ ಮೆಸೇಜ್ ಹಾಕ್ತೀನಲ್ಲ, ಅದು ಎಷ್ಟು ಸೆಕೆಂಡ್ ಕನ್ನಡ ಅಂತ ಯಾರಾದ್ರೂ ಲೆಕ್ಕ ಹಾಕಿದ್ರೆ ಏನು ಹೇಳ್ಲಿ.

ನ್ನಾಜಿ ಆಗ ಟ್ವಿಟರಲ್ಲಿ ಹೇಳಿದ್ದೂ ಇದೇ ಧಾಟಿ, ನಾವು ನೈಜೀರಿಯಾದೋರು ಮಾತಾಡೋದೇ ಹೀಗೆ, ಐನೂರಕ್ಕೂ ಮೇಲೆ ಭಾಷೆ ಇರೋ ನಾಡಲ್ಲಿ ಇಂಗ್ಲಿಷ್ ಒಂದು ಸೇತುವೆ, ಯಾರು ನಮ್ಮನ್ನ ವಸಾಹತು ಮಾಡ್ಕೋಬೇಕು ಅಂತ ನಾವು ಆರಿಸ್ಕೊಂಡಿಲ್ಲ ಅಂತ. ನನಗೆ ಇದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಆ 1992ರ ಕ್ಯಾಸೆಟ್ ಸಿನಿಮಾ ಇತ್ತಲ್ಲ, ನ್ನೆಬುವೆದು, ಅದು ಇಗ್ಬೋ ಸಿನಿಮಾ! ಆಮೇಲೆ ಸಾಹುಕಾರರಿಗೆ ಇಡೀ ದೇಶಕ್ಕೆ, ಪಕ್ಕದ ದೇಶಗಳಿಗೆ ಮಾರಬೇಕು ಅನ್ನಿಸಿ ಇಂಗ್ಲಿಷ್ ಸಿನಿಮಾ ಜಾಸ್ತಿ ಆಯ್ತು, ಇವಳು ಸ್ಟಾರ್ ಆಗಿದ್ದು ಆ ಇಂಗ್ಲಿಷ್ ಸಿನಿಮಾಗಳಲ್ಲೇ. ತಾನೇ ನಿರ್ದೇಶಕಿ ಆದಾಗ ಮನೆಮಾತನ್ನ ಒಂದಿಷ್ಟು ಒಳಗೆ ತಂದ್ಲು, ತಂದಿದ್ದು ಸಾಲದು ಅಂತ ಹೊರಗೆ ಹಾಕಿದ್ರು. ಹಾಗಂತ ನಿಯಮ ಪೂರ್ತಿ ತಪ್ಪು ಅಂತಾನೂ ನಾನು ಹೇಳಲ್ಲ, ಅದಿಲ್ಲದಿದ್ರೆ ಆ ವಿಭಾಗಕ್ಕೆ ಬ್ರಿಟನ್ನಿನ ಇಂಗ್ಲಿಷ್ ಸಿನಿಮಾಗಳೇ ನುಗ್ಗಿಬಿಡ್ತವೆ. ಮುಂದಿನ ವರ್ಷ ನೈಜೀರಿಯಾ ಕಳಿಸಿದ್ದು ಹೆಚ್ಚುಪಾಲು ಹೌಸಾದಲ್ಲಿದ್ದ ಸಿನಿಮಾ, ಭಾಷೆ ವಿಷಯದಲ್ಲಿ ಯಾರೂ ಏನೂ ಅನ್ನಲಿಲ್ಲ. ಸ್ಟಾಪ್‌ವಾಚ್ ಕಥೆ ಲೇಖನಕ್ಕೆ ಹಾಕಲಿಲ್ಲ, ನನ್ನ ಲೆಕ್ಕ ನನಗೇ ತಾಳೆ ಆಗದ್ದನ್ನ ಅಚ್ಚು ಹಾಕೋದು ಹೇಗೆ.

ಬರೆದು ಮುಗಿಸಿ ಮೇಷ್ಟ್ರಿಗೆ ಕಳಿಸ್ದೆ, ಅವರು ಡಿಟಿಪಿಗೆ ಕಳಿಸಿದ್ರು, ಪ್ರೂಫ್ ನೋಡ್ತೀನಿ ಅಂದಿದ್ದೆ, ಟೈಮಿಲ್ಲ ಅಂದ್ರು. ಭಾನುವಾರ ಸಾಯಂಕಾಲ ಬಂಡಲ್ ಬಿಚ್ಚಿದ್ರೆ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ಜೆನೆವೀವ್ ನಾಜಿ’. ಡಿಟಿಪಿ ಹುಡುಗ ಪಾಪ ಒಳ್ಳೆ ಕನ್ನಡ ಬಲ್ಲೋನು, ಪದದ ಮೊದಲಲ್ಲಿ ಅದೇ ಅಕ್ಷರದ ಒತ್ತು ಬರಲ್ಲ, ಮೇಡಂ ಟೈಪಿಂಗ್ ಮಿಸ್ಟೇಕ್ ಮಾಡಿದಾರೆ ಅಂತ ಒಂದೂ ಬಿಡದೆ ಹುಡುಕಿ ತೆಗೆದಿದ್ದ. ನನಗೆ ಅಳು ಬರೋದೊಂದು ಬಾಕಿ. ಮೇಷ್ಟ್ರು ಏನೂ ಮಾತಾಡದೆ ಜೇಬಿಂದ ಎರಡು ಕಪ್ಪು ಪೆನ್ ತೆಗೆದ್ರು, ನಾನೂ ಅವರೂ ಬಾಗಿಲ ಹತ್ರ ಮೆಟ್ಟಿಲ ಮೇಲೆ ಕೂತು ಜನ ಬರೋಷ್ಟರಲ್ಲಿ ನಲವತ್ತು ಪ್ರತಿಗೆ ‘ನಾ’ ಕೆಳಗೆ ಒತ್ತು ಬರೆದ್ವಿ. ಬರೀ ಮುಖಪುಟಕ್ಕೆ, ಒಳಗಿನ ಪುಟಗಳಿಗೆ ಟೈಮ್ ಸಿಗಲಿಲ್ಲ.