ಕಾಜಿಗುಂಡ್‌ನಲ್ಲಿ ಆರು ರಾತ್ರಿ

ಊರು ಇಂಡಿ ತಾಲ್ಲೂಕು, ಮನೆ ನವಿ ಮುಂಬೈಯ ಕಳಂಬೋಲಿ, ಕೆಲಸ ಲಾರಿ ಡ್ರೈವರ್. ಹೋಗುವಾಗ ಕಿರಾಣಿ ಸಾಮಾನೋ ಔಷಧಿಯೋ, ಸಿಕ್ಕಿದ್ದು ಹೇರಿಕೊಂಡು ಕಾಶ್ಮೀರಕ್ಕೆ ಹೋಗುತ್ತೇನೆ. ಬರುವಾಗ ಸೇಬು, ವಾಶಿ ಮಾರ್ಕೆಟ್ಟಿಗೆ. ಹೊಸ ಹುಡುಗರು ಜನವರಿಯಲ್ಲಿ ಮೊದಲ ಸಲ ಮೇಲೆ ಹೊರಟಾಗ ನನ್ನ ಹತ್ತಿರ ಬಂದು, ಎಷ್ಟು ಸ್ವೆಟರ್ ಬೇಕಾಗುತ್ತದೆ ಅಂತ ಕೇಳುತ್ತಾರೆ. ಸ್ವೆಟರ್ ವಿಷಯ ಆಮೇಲೆ, ಮೊದಲು ಕೂತ್ಕೋ ಅನ್ನುತ್ತೇನೆ.

ಮುಂಬೈಯವರಿಗೆ ಚಳಿಯ ಲೆಕ್ಕವೇ ಬೇರೆ. ಸಾಂತಾಕ್ರೂಜ್‌ನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿಗೆ ಇಳಿದಿತ್ತು, ಅದನ್ನೇ ಇನ್ನೂ ಹೇಳಿಕೊಂಡು ಬರುತ್ತೇವೆ. ಹವಾಮಾನ ಇಲಾಖೆಯೂ ಎರಡು ಅಳತೆ ಇಟ್ಟುಕೊಂಡಿದೆ. ಉತ್ತರದ ಬಯಲಿನಲ್ಲಿ ರಾತ್ರಿ 4 ಡಿಗ್ರಿಗೆ ಬಂದರೆ ಶೀತಗಾಳಿ. ಕರಾವಳಿಯಲ್ಲಿ 15 ಡಿಗ್ರಿಯೊಳಗೆ ಬಂದು, ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಕಡಿಮೆ ಇದ್ದರೂ ಶೀತಗಾಳಿಯೇ. ನಾನು ಬನಿಯನ್ ಮೇಲೆ ಕಳಂಬೋಲಿ ಬಿಟ್ಟು, ಜೈಪುರದ ಹತ್ತಿರ ಕಂಬಳಿ ಹೊದ್ದು, ಕಾಶ್ಮೀರ ಮುಟ್ಟುವಾಗ ಸೊನ್ನೆಯ ಕೆಳಗೆ ಇರುತ್ತೇನೆ. ಎಲ್ಲ ಒಂದೇ ವಾರದಲ್ಲಿ.

ಚಳಿ ಮೊದಲು ಹಿಡಿಯುವುದು ಡೀಸೆಲ್ಲನ್ನು. ಅದರಲ್ಲಿ ಮೇಣದ ಅಂಶ ಇರುತ್ತದೆ. ತಣ್ಣಗಾದಂತೆ ತುಪ್ಪ ಹರಳುಗಟ್ಟಿದ ಹಾಗೆ ಹರಳುಗಟ್ಟಿ ಫಿಲ್ಟರಿನಲ್ಲಿ ಕೂತುಬಿಡುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಬೇಸಿಗೆಯ ಡೀಸೆಲ್ ಬೇರೆ, ಚಳಿಗಾಲದ್ದು ಬೇರೆ ಅನ್ನುವುದು ನನಗೂ ಎಷ್ಟೋ ವರ್ಷ ಗೊತ್ತಿರಲಿಲ್ಲ. ಲಡಾಖಿಗೆಂದೇ 2019ರಲ್ಲಿ ಇಂಡಿಯನ್ ಆಯಿಲ್‌ನವರು ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿದ್ದಾರೆ. ನಾನು ಕೆಳಗೆ ತುಂಬಿಸಿದ್ದನ್ನು ಜಮ್ಮು ಬರುವಷ್ಟರಲ್ಲಿ ಆದಷ್ಟು ಖಾಲಿ ಮಾಡಿಕೊಂಡು, ಮುಂದಿನದನ್ನು ಅಲ್ಲಿಯ ಬಂಕಿನಲ್ಲೇ ಹಾಕಿಸುತ್ತೇನೆ. ಹಳಬರು ಸೀಮೆಎಣ್ಣೆ ಬೆರೆಸುತ್ತಿದ್ದರು. ಈಗಿನ ಹೊಗೆ ನಿಯಮದ ಬಿಎಸ್-6 ಗಾಡಿಯಲ್ಲಿ ಆ ಆಟ ಬೇಡ. ಇಂಜೆಕ್ಟರ್ ಹೋದರೆ ಟ್ರಿಪ್ಪಿನ ಬಾಡಿಗೆಯೂ ಅದರ ಜೊತೆಗೇ ಹೋಯಿತು.

ಬಟ್ಟೆ ಚಿಂದಿಗೆ ಡೀಸೆಲ್ ಅದ್ದಿ, ಹಚ್ಚಿ, ಟ್ಯಾಂಕಿನ ಕೆಳಗೆ ಹಿಡಿಯುವವರನ್ನು ಅಲ್ಲಿ ನೋಡಬಹುದು. ಸುಳ್ಳು ಯಾಕೆ, ಒಮ್ಮೆ ನಾನೂ ಹಿಡಿದಿದ್ದೇನೆ. ಪಕ್ಕದ ವೈರಿನ ಪ್ಲಾಸ್ಟಿಕ್ ಕರಗಿ ಹಿಮದ ಮೇಲೆ ಚುಯ್ ಅಂತ ತೊಟ್ಟಿಕ್ಕಿತು. ಚಿಂದಿ ಬಿಸಾಕಿ ಓಡಿದೆ. ಈಗ ಸ್ಟೌ ಮೇಲೆ ಕೆಟಲ್‌ನಲ್ಲಿ ನೀರು ಕಾಯಿಸಿ ಫಿಲ್ಟರ್ ಮೇಲೆ ನಿಧಾನಕ್ಕೆ ಸುರಿಯುತ್ತೇನೆ. ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಇನ್ನೆರಡು ಕೆಲಸ ದಿನಾ ಸಂಜೆ ಮಾಡಲೇಬೇಕು. ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಕೂಡಿದ ನೀರು ಬಿಡಬೇಕು, ಇಲ್ಲದಿದ್ದರೆ ರಾತ್ರಿ ಅದು ಗಡ್ಡೆಯಾಗಿ ಬೆಳಿಗ್ಗೆ ಬ್ರೇಕೇ ಇರುವುದಿಲ್ಲ. ಸಮತಟ್ಟು ಜಾಗ ಸಿಕ್ಕರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಗಾಲಿಗೆ ಕಟ್ಟಿಗೆ ಕೊಡಬೇಕು. ಒದ್ದೆಯಾದ ಬ್ರೇಕ್ ಲೈನರ್ ಗಾಲಿಯ ಡ್ರಮ್ಮಿಗೆ ಅಂಟಿಕೊಂಡರೆ ಗಾಡಿ ಅಲ್ಲಾಡುವುದಿಲ್ಲ. ಹೊಗೆ ಶುದ್ಧ ಮಾಡಲು ಗಾಡಿಗೆ ಹಾಕುವ ಯೂರಿಯಾ ನೀರು ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತದೆ, ಅದಕ್ಕೆ ಗಾಬರಿ ಬೇಡ. ಕರಗಿದ ಮೇಲೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಕಲಿತಿದ್ದೇನೆ ಅನ್ನೋ ಜಂಬದಲ್ಲೇ ನಾನು 2021ರ ಜನವರಿಯಲ್ಲಿ ಸಾಯುವುದಿತ್ತು.

ಲಾಸಿಪೋರಾದ ಕೋಲ್ಡ್ ಸ್ಟೋರೇಜಿನಿಂದ ಸೇಬು ತುಂಬಿಕೊಂಡು, ಜಮ್ಮು ಕಡೆ ಇಳಿಯುವ ಹೆದ್ದಾರಿಯಲ್ಲಿ ಕಾಶ್ಮೀರ ಕಣಿವೆಯ ತುದಿಗಿರುವ ಕಾಜಿಗುಂಡ್‌ಗೆ ಬಂದಿದ್ದೆವು. ಅಷ್ಟರಲ್ಲಿ ಕೆಳಗೆ ರಾಂಬನ್ ಹತ್ತಿರ ಕೇಲಾ ಮೋರ್‌ನಲ್ಲಿ ರಸ್ತೆಯ ತಡೆಗೋಡೆ ಕುಸಿದು ಹೆದ್ದಾರಿ ಬಂದ್. ಗಡಿ ರಸ್ತೆ ಸಂಸ್ಥೆ ಬಿಆರ್‌ಒದವರು ಹಗಲು ರಾತ್ರಿ ಬೈಲಿ ಸೇತುವೆ, ಅಂದರೆ ಉಕ್ಕಿನ ಬಿಡಿಭಾಗ ಜೋಡಿಸುವ ಸೇತುವೆ, ಕಟ್ಟುತ್ತಿದ್ದಾರೆ ಅನ್ನೋ ಸುದ್ದಿ ಬಿಟ್ಟರೆ ನಮ್ಮ ಕೈಗೆ ಏನೂ ಇಲ್ಲ. ಅದು ಚಿಲ್ಲೈ ಕಲಾನ್, ಅಂದರೆ ಡಿಸೆಂಬರ್ 21ರಿಂದ ನಲವತ್ತು ದಿನದ ಗಟ್ಟಿ ಚಳಿ. ಮುಂದೆ ಹಿಂದೆ ಲಾರಿ ಸಾಲು. ನೀರಿನ ಕ್ಯಾನ್ ಕಲ್ಲಾಗಿತ್ತು. ಮನೆಯವಳು ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಹಾಗೇ ಇದ್ದವು. ಜೋಳದ ರೊಟ್ಟಿಗೆ ಯಾವ ಚಳಿಯೂ ಏನೂ ಮಾಡುವುದಿಲ್ಲ ನೋಡಿ.

ಸಂಕ್ರಾಂತಿ ದಿನ, 14ನೇ ತಾರೀಕು, ಶ್ರೀನಗರದಲ್ಲಿ ಮೈನಸ್ 8.4 ಆಯಿತು, ಮೂವತ್ತು ವರ್ಷದಲ್ಲಿ ಇಂಥ ಚಳಿ ಬಿದ್ದಿರಲಿಲ್ಲ ಅಂತ ಆಮೇಲೆ ತಿಳಿಯಿತು. ಕಾಜಿಗುಂಡ್‌ನಲ್ಲೂ ಅದೇ ಹಣೆಬರಹ. ನನ್ನ ಕ್ಲೀನರ್ ಜಮಖಂಡಿಯ ಹುಡುಗ, ಹತ್ತೊಂಬತ್ತು ವರ್ಷ. ಡಾಬಾದವನ ಹತ್ತಿರ ಕೆಂಡ ಕೇಳಿ, ಖಾಲಿ ಎಣ್ಣೆ ಡಬ್ಬಿಯಲ್ಲಿ ತುಂಬಿಕೊಂಡು ಬಂದ. "ಅಣ್ಣಾ, ಇವತ್ತರ ಬೆಚ್ಚಗ ಮಲಗೂಣ್ರಿ" ಅಂದ. ಅಲ್ಲಿಯ ಜನ ಫೆರನ್ ಅನ್ನೋ ಉದ್ದ ನಿಲುವಂಗಿಯ ಒಳಗೆ ಕಾಂಗಡಿ ಅನ್ನೋ ಕೆಂಡದ ಮಡಕೆ ಇಟ್ಟುಕೊಂಡು ಓಡಾಡುವುದನ್ನು ದಿನಾ ನೋಡಿದ್ದೆವು. ನಮಗೇನು ಆಗುತ್ತದೆ ಅಂತ ನಾನೂ ಹೂಂ ಅಂದೆ. ಡಬ್ಬಿಯನ್ನು ಗೇರಿನ ಪಕ್ಕ ಇಟ್ಟು, ಗಾಜು ಏರಿಸಿ, ಸಂದಿಗೆ ಬಟ್ಟೆ ತುರುಕಿ ಮಲಗಿದೆವು. ಆರು ದಿನದಲ್ಲಿ ಅಷ್ಟು ಸುಖವಾದ ನಿದ್ದೆ ಬಂದಿರಲಿಲ್ಲ.

ಮಧ್ಯರಾತ್ರಿ ಮೂತ್ರ ಬಂದದ್ದೇ ಪುಣ್ಯ. ಎದ್ದರೆ ತಲೆ ಒಡೆದು ಹೋಗುವ ಹಾಗೆ ನೋವು. ಬಾಗಿಲ ಹಿಡಿಕೆ ಕಣ್ಣಿಗೆ ಕಾಣುತ್ತಿದೆ, ಕೈ ಅಲ್ಲಿಗೆ ಹೋಗುತ್ತಿಲ್ಲ. ಹೇಗೋ ಮೈಭಾರ ಹಾಕಿ ತಳ್ಳಿದೆ, ಬಾಗಿಲ ಜೊತೆ ನಾನೂ ಹಿಮಕ್ಕೆ ಬಿದ್ದೆ. ಮೊಣಕಾಲಲ್ಲಿ ಶಕ್ತಿಯೇ ಇಲ್ಲ. ಕೂಗಿದೆ, ಹುಡುಗ ಏಳಲಿಲ್ಲ. ಹಿಂದಿನ ಗಾಡಿಯ ಸರ್ದಾರ್‌ಜಿ ಬಂದು ಅವನನ್ನು ಕಾಲು ಹಿಡಿದು ಎಳೆದು ಹೊರಗೆ ಹಾಕಿದರು. ಕೆನ್ನೆಗೆ ಎರಡು ಬಾರಿಸಿದ ಮೇಲೆ ವಾಂತಿ ಮಾಡಿಕೊಂಡ. "ಅಣ್ಣಾ, ಯಾಕ ಹೊಡ್ಯಾಕತ್ತೀರಿ" ಅಂತ ಅಳು ಬೇರೆ. ಅವನನ್ನು ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಮ್ಲಜನಕ ಕೊಡಿಸಿದೆವು.

ಮುಚ್ಚಿದ ಜಾಗದಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಕೂಡ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂತ ಡಾಕ್ಟರು ಹೇಳಿದರು. ನಾನು ಸುಖನಿದ್ದೆ ಅಂದುಕೊಂಡದ್ದು ಅದೇ. ಹೊಗೆ ಕಾಣದಿದ್ದರೆ ಅಪಾಯ ಇಲ್ಲ ಅಂತ ಈಗಲೂ ವಾದ ಮಾಡುವ ಡ್ರೈವರುಗಳಿದ್ದಾರೆ. ಅವರ ಜೊತೆ ವಾದ ಮಾಡುವುದಿಲ್ಲ, ಡಬ್ಬಿ ಎತ್ತಿ ಹೊರಗಿಡುತ್ತೇನೆ. ರಮ್ ಕುಡಿದು ಮಲಗುವುದೂ ಇದೇ ಜಾತಿ. ಚರ್ಮ ಬಿಸಿ ಅನ್ನಿಸುತ್ತದೆ, ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ.

ಹಾಗಾದರೆ ಬೆಚ್ಚಗಿರುವುದು ಹೇಗೆ? ಒಂದರ ಮೇಲೊಂದು ಸಡಿಲ ಬಟ್ಟೆ, ಒಣ ಕಾಲುಚೀಲ ಎರಡು ಜೊತೆ, ಕೂರುವ ಜಾಗದಲ್ಲಿ ರಟ್ಟು, ಟೋಪಿ. ಕೈಗವಸಿಲ್ಲದೆ ಪಾನಾ (ಸ್ಪ್ಯಾನರ್) ಮುಟ್ಟಬಾರದು, ಚರ್ಮ ಕಿತ್ತುಬರುತ್ತದೆ. ಮಲಗುವ ಮುಂಚೆ ಬಿಸಿನೀರಿನ ಬಾಟಲಿಯನ್ನು ಕಂಬಳಿಯೊಳಗೆ ಇಟ್ಟುಕೊಳ್ಳುತ್ತೇನೆ. ಇಷ್ಟೇ.

ಬೈಲಿ ಸೇತುವೆ 16ಕ್ಕೆ ಮುಗಿಯಿತು, ನಮ್ಮ ಸರದಿ ಮಾರನೇ ದಿನ ಬಂತು. ಪಂಜಾಬಿನಲ್ಲಿ ಮಂಜು, ಬಾನೆಟ್ ಮುಂದೆ ಏನೂ ಕಾಣದು. ಡಿಪ್ಪರ್ ಲೈಟಿನಲ್ಲಿ ಅಂಬಾಲವರೆಗೆ ತೆವಳಿದೆವು, ಕಾಣದೇ ಹೋದಾಗ ಡಾಬಾ ಒಳಗೆ ಗಾಡಿ ಹಾಕಿ ಚಹಾ ಕುಡಿದೆವು. ವಾಶಿಯಲ್ಲಿ ತಾಡಪತ್ರಿ ಬಿಚ್ಚಿದರೆ ಮೇಲಿನ ಸಾಲಿನ ಪೆಟ್ಟಿಗೆಗಳು ಹೆಪ್ಪುಗಟ್ಟಿ ಕರಗಿದ್ದವು. ದಲಾಲಿ ಒಂದು ಸೇಬು ಕೊಯ್ದು ತೋರಿಸಿದರು, ಹೊರಗೆ ಕೆಂಪು, ಒಳಗೆಲ್ಲ ಕಂದು ನೀರು. ಬಾಡಿಗೆಯಲ್ಲಿ ಅಷ್ಟಕ್ಕೆ ಕತ್ತರಿ ಬಿತ್ತು. ಹುಡುಗ ಮಾತ್ರ ಅಂಗಿ ಬಿಚ್ಚಿ, ಬೆವರು ಒರೆಸಿಕೊಳ್ಳುತ್ತಾ, ಅದರಲ್ಲೇ ಚಲೋ ಇದ್ದ ಭಾಗ ಹುಡುಕಿ ತಿನ್ನುತ್ತಿದ್ದ.