ನೀರು ಅರ್ಧಕ್ಕಿಳಿದಿತ್ತು, ತಪ್ಪು ನನ್ನ ಡಿಸೈನಿನದ್ದೇ

ಮುಂಡರಗಿ ಕಡೆಯ ಒಂದು ಹಳ್ಳಿಗೆ ಗಂಟೆಗೆ 1000 ಲೀಟರಿನ ಆರ್‌ಓ ಘಟಕ, ಅಂದರೆ ಕುಡಿಯುವ ನೀರು ಶುದ್ಧ ಮಾಡುವ ಘಟಕ, ಡಿಸೈನ್ ಮಾಡಿದ್ದೆ. ನಾಲ್ಕೇ ತಿಂಗಳಿಗೆ ನೀರು ಅರ್ಧಕ್ಕಿಳಿಯಿತು. ಕ್ಯಾನ್ ಹಿಡಿದವರ ಸಾಲು ರಸ್ತೆವರೆಗೆ. "ತಮ್ಮಾ, ಇದು ತುಂಬೂದ್ರಾಗ ಮನಿಗೆ ಹೋಗಿ ಎರಡು ರೊಟ್ಟಿ ಬಡದು ಬರ್ತೀನಿ ನೋಡು" ಅಂದಳು ಒಬ್ಬ ಅಜ್ಜಿ.

ಸುಮ್ನೆ ಪಂಪಿನ ಮೇಲೆ ಅನುಮಾನಪಟ್ಟು ಒಂದು ದಿನ ಕಳೆದೆ. ಆಮೇಲೆ ಕೊನೆಯ ಮೆಂಬ್ರೇನ್ (ಲವಣ ತಡೆದು ನೀರು ಸೋಸುವ ಪೊರೆಯ ಸುರುಳಿ) ಹೊರಗೆಳೆದೆ. ಕಲ್ಲಿನಷ್ಟು ಭಾರ. ತುದಿಯಲ್ಲಿ ಬಿಳಿ ಪದರ, ನೀರು ಕಾಸುವ ಹಂಡೆಯೊಳಗೆ ಕಟ್ಟುತ್ತದಲ್ವಾ, ಅಂಥದ್ದೇ. ಲಿಂಬೆಹಣ್ಣು ಹಿಂಡಿದೆ. ಬುರುಬುರು ನೊರೆ ಬಂತು. ಸುಣ್ಣ!

ನೂರು ಲೀಟರಿಗೆ 70 ಲೀಟರ್ ಸಿಹಿನೀರು ಬರುವಂತೆ ವಾಲ್ವ್ ಇಟ್ಟಿದ್ದೆ. ಅಂದರೆ ಉಳಿದ 30ರಲ್ಲಿ ಲವಣ ಮೂರು ಪಟ್ಟಿಗಿಂತ ಜಾಸ್ತಿ ಸೇರುತ್ತದೆ. ಅಲ್ಲಿನ ಗಡಸು ಬೋರ್ ನೀರಿಗೆ ಅದು ದುರಾಸೆ. 50ಕ್ಕೆ ಇಳಿಸಿದೆ, ಈಗ ಎರಡೇ ಪಟ್ಟು. ಶೇ 2ರ ಸಿಟ್ರಿಕ್ ಆಸಿಡ್ ದ್ರಾವಣ ಸುತ್ತಿಸಿ ಮೆಂಬ್ರೇನ್ ತೊಳೆದೆ. ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲೆಂಟ್ ದ್ರಾವಣದ ಪೈಪಿನಲ್ಲಿ ಗಾಳಿ ಸಿಕ್ಕಿ ಹನಿಯೂ ಹೋಗುತ್ತಿರಲಿಲ್ಲ, ಅದನ್ನೂ ಬಿಡಿಸಿದೆ. ನೀರು ಮೊದಲಿನಂತಾಯಿತು.

ವೇಸ್ಟ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ದನಗಳ ತೊಟ್ಟಿಗೆ ಬಿಡದೆ ಶೌಚಾಲಯಕ್ಕೆ ಬಳಸುವ ನೀರಿನ ಟ್ಯಾಂಕಿಗೆ ತಿರುಗಿಸಿದ್ದೇವೆ.